ರಾತ್ರಿ ಕೈ ಜೋಮು ಹಿಡಿದರೆ

ದಾವಣಗೆರೆಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲು ದಾರಿಯಲ್ಲಿ ಮಾಯಕೊಂಡವೆಂಬ ಊರೊಂದಿದೆ. ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಚಿತ್ರದುರ್ಗದ ಸೈನ್ಯ ಇಲ್ಲಿ ಘೋರವಾಗಿ ಕಾದಾಡಿತು. ದುರ್ಗದ ದೊರೆ ಮದಕರಿನಾಯಕ, ಎಂದರೆ ಹೈದರನೊಡನೆ ಹೋರಿದ ಕೊನೆಯ ಮದಕರಿಯಲ್ಲ, ಅವನಿಗಿಂತ ಹಿಂದಿನವನು, ಈ ನೆಲದಲ್ಲಿಯೇ ಮಡಿದನು. ಇಂದು ಅಲ್ಲಿ ಕತ್ತಿ ಹಿಡಿಯುವವರಿಲ್ಲ. ಮೆಕ್ಕೆಜೋಳದ ಹೊಲದಲ್ಲಿ ಕುಡುಗೋಲು ಹಿಡಿಯುವವರಿದ್ದಾರೆ. ಆದರೆ ಕತ್ತಿಯಾಗಲಿ ಕುಡುಗೋಲಾಗಲಿ, ಹಿಡಿತಕ್ಕೆ ಬಲ ಕೊಡುವುದು ಹೆಬ್ಬೆರಳು. ಆ ಹೆಬ್ಬೆರಳಿನ ಬಲವನ್ನು ಸದ್ದಿಲ್ಲದೆ, ರಾತ್ರಿಯ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಕದಿಯುವ ಒಂದು ತೊಂದರೆಯ ವಿಚಾರವಾಗಿ ಇಂದು ನಿಮ್ಮೊಡನೆ ನಾಲ್ಕು ಮಾತನಾಡಬೇಕಾಗಿದೆ.

ಆ ಕಡೆಯ ತಾಯಿಯೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ನಲವತ್ತೈದರ ವಯಸ್ಸು. ಬೆಳಗಾಗೆದ್ದು ಎರಡು ಎಮ್ಮೆಗಳ ಹಾಲು ಕರೆದು, ಮನೆಮಂದಿಗೆಲ್ಲ ರೊಟ್ಟಿ ತಟ್ಟಿ, ಹೊಲದಲ್ಲಿ ಕಳೆ ತೆಗೆದು, ಸಂಜೆ ಬಟ್ಟೆ ಹಿಂಡಿ ಮಲಗಿದವರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಬಲಗೈ ತನ್ನದಲ್ಲವೆಂಬಂತಿದೆ, ಬೆರಳುಗಳಲ್ಲಿ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ. ಎದ್ದು ಕುಳಿತು ಕೈ ಕೊಡವುತ್ತಾರೆ, ತಿಕ್ಕುತ್ತಾರೆ, ಮಂಚದಿಂದ ಕೆಳಗೆ ಇಳಿಬಿಡುತ್ತಾರೆ. ಐದು ಹತ್ತು ನಿಮಿಷಕ್ಕೆ ಕೈಗೆ ಜೀವ ಬರುತ್ತದೆ. ಮತ್ತೆ ಮಲಗುತ್ತಾರೆ. ಬೆಳಗಾದರೆ ಕೆಲಸ ಕಾಯುತ್ತಿರುತ್ತದೆ, ಯಾರಿಗೂ ಹೇಳುವುದಿಲ್ಲ. ಹೇಳಿದರೂ ಒಬ್ಬರು “ಅದು ವಾಯು, ಬದನೆಕಾಯಿ ಬಿಡು” ಎನ್ನುತ್ತಾರೆ. ಇನ್ನೊಬ್ಬರು “ರಕ್ತ ಓಡಾಡ್ತಿಲ್ಲ” ಎನ್ನುತ್ತಾರೆ. ಮೂರನೆಯವರು ದನಿ ತಗ್ಗಿಸಿ “ಲಕ್ವ ಹೊಡೆಯೋ ಸೂಚನೆ ಇರಬೌದು, ನೋಡ್ಕೋ” ಎಂದು ಹೆದರಿಸುತ್ತಾರೆ. ಹೀಗೆ ಒಂದು ಕೈಗೆ ಮೂರು ರೋಗಗಳು ಸಿಕ್ಕಿದವು, ಔಷಧ ಮಾತ್ರ ಒಂದೂ ಸಿಗಲಿಲ್ಲ.

ಈ ಮೂವರ ಮಾತಿನಲ್ಲಿ ಯಾವುದು ನಿಜ? ಬಹುಪಾಲು ಸಂದರ್ಭಗಳಲ್ಲಿ ಮೂರೂ ಅಲ್ಲ. ಜೋಮು ಎಂಬುದು ಸಾಮಾನ್ಯವಾಗಿ ನರದ ಮಾತು. ನರವೆಂದರೆ ಏನೆಂಬುದನ್ನು ತೋಟ ಮಾಡಿದವರಿಗೆ ವಿವರಿಸುವುದು ಸುಲಭ. ಬಾವಿಯಿಂದ ತೋಟದ ಕೊನೆಯ ಮಡಿಯವರೆಗೆ ಕಾಲುವೆ ಹರಿಯುತ್ತದಷ್ಟೆ? ನಡುವೆ ಎಲ್ಲಿಯೇ ಮಣ್ಣು ಕುಸಿದು ಕಟ್ಟಿಕೊಂಡರೂ ಒಣಗುವುದು ಮಾತ್ರ ಕೊನೆಯ ಮಡಿ. ಜಾಣನಾದ ರೈತ ಒಣಗಿದ ಮಡಿಯಲ್ಲಿ ನಿಂತು ಅಲ್ಲಿಯೇ ಅಗೆಯುವುದಿಲ್ಲ. ಯಾವ ಮಡಿ ಒಣಗಿದೆ ಎಂದು ನೋಡಿ, ಯಾವ ಕಾಲುವೆ ಕಟ್ಟಿದೆ ಎಂದು ತಿಳಿದು, ಮೇಲಕ್ಕೆ ನಡೆಯುತ್ತಾನೆ. ಕುತ್ತಿಗೆಯ ಬೆನ್ನುಹುರಿಯಿಂದ ಹೊರಟ ನರಗಳು ಭುಜ, ಮೊಣಕೈ, ಮಣಿಕಟ್ಟುಗಳನ್ನು ದಾಟಿ ಬೆರಳ ತುದಿಗೆ ಬರುತ್ತವೆ. ಜೋಮು ಕಾಣುವುದು ಬೆರಳಲ್ಲಿ. ಒತ್ತು ಬಿದ್ದಿರುವುದು ಮಣಿಕಟ್ಟಿನಲ್ಲಿರಬಹುದು, ಮೊಣಕೈಯಲ್ಲಿರಬಹುದು, ಕುತ್ತಿಗೆಯಲ್ಲಿರಬಹುದು. ಆದ್ದರಿಂದ ವೈದ್ಯನು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಬೆರಳು?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಂದೋ ಒಂದು ರಾತ್ರಿ ತಲೆಯ ಕೆಳಗೆ ತೋಳಿಟ್ಟು ಮಲಗಿ, ಕೈ ಜೋಮು ಹಿಡಿದು, ಎದ್ದು ಕೊಡವಿದೊಡನೆ ಸರಿಹೋದರೆ ಅದು ರೋಗವಲ್ಲ. ಮೈಯ ಭಾರ ನರದ ಮೇಲೆ ಬಿದ್ದಿತ್ತು, ಭಾರ ತೆಗೆದೊಡನೆ ನರ ಚೇತರಿಸಿಕೊಂಡಿತು. ನಿಜಕ್ಕೂ ನಮ್ಮನ್ನು ಎಬ್ಬಿಸುವ ಆ ಜೋಮು ಒಂದು ಉಪಕಾರವೇ. ಕಂಠಪೂರ್ತಿ ಕುಡಿದು ಕುರ್ಚಿಯ ಬೆನ್ನಿಗೆ ತೋಳು ಇಳಿಬಿಟ್ಟು ಮಲಗಿದವನಿಗೆ ಆ ಎಚ್ಚರ ಆಗುವುದಿಲ್ಲ. ಬೆಳಗಾಗುವಾಗ ಮಣಿಕಟ್ಟು ಕೆಳಕ್ಕೆ ಜೋತುಬಿದ್ದು, ಕೈ ಮೇಲೆತ್ತಲು ಬಾರದು. ಅದು ಸರಿಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ನಾವು ಯೋಚಿಸಬೇಕಾದದ್ದು ಹೀಗೆ ಎಂದೋ ಒಮ್ಮೆ ಬಂದು ಹೋಗುವ ಜೋಮನ್ನಲ್ಲ. ವಾರಕ್ಕೆ ಹಲವು ರಾತ್ರಿ, ತಿಂಗಳುಗಟ್ಟಲೆ, ಅದೇ ಬೆರಳುಗಳಿಗೆ ಮರಳಿ ಮರಳಿ ಬರುವ ಜೋಮನ್ನು.

ಈಗ ನಮ್ಮ ತಾಯಿಯ ಬೆರಳುಗಳನ್ನು ಎಣಿಸೋಣ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತು ಉಂಗುರದ ಬೆರಳಿನ ಅರ್ಧ. ಕಿರುಬೆರಳು ಚೆನ್ನಾಗಿದೆ. ಹೀಗಿದ್ದರೆ ಕಾಲುವೆ ಯಾವುದೆಂಬುದು ಗೊತ್ತಾಯಿತು. ಮೀಡಿಯನ್ ಎಂಬ ನರ ಅಂಗೈಗೆ ಇಳಿಯುವಾಗ ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗದೊಳಗೆ ಹಾಯಬೇಕು. ಸುರಂಗದ ನೆಲ, ಗೋಡೆ ಮೂಳೆಯದು. ಮೇಲಿನ ಚಾವಣಿ ಗಟ್ಟಿಯಾದ ಅಡ್ಡಪಟ್ಟಿಯದು. ಬೆರಳುಗಳನ್ನು ಮಡಿಸುವ 9 ಹುರಿಗಳೂ ಈ ನರವೂ ಆ ಒಂದೇ ಗಂಡಿಯಲ್ಲಿ ನುಗ್ಗಬೇಕು. ಹುರಿಗಳ ಸುತ್ತಣ ಪೊರೆ ಸ್ವಲ್ಪ ಊದಿದರೂ ಸಾಕು, ಮೂಳೆ ಜಾಗ ಬಿಡದು, ಪಟ್ಟಿ ಜಾಗ ಬಿಡದು. ಮೆತ್ತಗಿರುವ ನರವೇ ಅಮುಕಿಹೋಗಬೇಕು. ಇದನ್ನು ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ರಾತ್ರಿ ಕೈ ಜೋಮು ಹಿಡಿಯುವುದಕ್ಕೆ ಬಹು ಸಾಮಾನ್ಯವಾದ ಕಾರಣ ಇದೇ.

ರಾತ್ರಿಯೇ ಏಕೆ, ಎಂದು ನೀವು ಕೇಳಬಹುದು. ಹಗಲೆಲ್ಲ ದುಡಿಯುವ ಕೈ ಹಗಲಿನಲ್ಲಿ ದೂರಬೇಕಲ್ಲವೆ? ಕಾರಣ ಎರಡು. ನಿದ್ರೆಯಲ್ಲಿ ನಾವು ಅರಿಯದೆ ಮಣಿಕಟ್ಟನ್ನು ಒಳಕ್ಕೆ ಮಡಚಿ, ಗಲ್ಲದ ಕೆಳಗೋ ಎದೆಯ ಮೇಲೋ ಇಟ್ಟುಕೊಂಡು ಮಲಗುತ್ತೇವೆ. ಮಡಚಿದೊಡನೆ ಆ ಸುರಂಗ ಇನ್ನೂ ಇಕ್ಕಟ್ಟಾಗುತ್ತದೆ. ಎರಡನೆಯದು, ಹಗಲು ಕಾಲಿಗೆ ಇಳಿದಿದ್ದ ನೀರಿನಂಶ ಮಲಗಿದಾಗ ಮೈಯಲ್ಲೆಲ್ಲ ಹಂಚಿಕೊಳ್ಳುತ್ತದೆ. ಕೈಯಾಡದಿರುವುದರಿಂದ ಅದು ಅಲ್ಲಿಯೇ ನಿಲ್ಲುತ್ತದೆ. 1981ರಲ್ಲಿ ಅಮೆರಿಕದ ವೈದ್ಯರು ಸುರಂಗದೊಳಗಿನ ಒತ್ತಡವನ್ನು ಅಳೆದು ನೋಡಿದರು. ಒಳ್ಳೆಯ ಕೈಯಲ್ಲಿ ಪಾದರಸದ ಅಳತೆಯಲ್ಲಿ ಸರಾಸರಿ 2.5 ಮಿಲಿಮೀಟರು, ರೋಗವಿರುವ ಕೈಯಲ್ಲಿ 32. ಆ ರೋಗಿಯೇ ಮಣಿಕಟ್ಟನ್ನು ಮಡಚಿದರೆ 90ನ್ನೂ ಮೀರಿತು. ಇಷ್ಟು ಒತ್ತಡದ ಕೆಳಗೆ ಸಿಕ್ಕಿದ ನರ ನಡುರಾತ್ರಿ ಕೂಗಿ ಎಬ್ಬಿಸಿದರೆ ಆಶ್ಚರ್ಯವೇನು?

ನಮ್ಮ ನೆರೆಹೊರೆಯವರು ‘ರಕ್ತ ಓಡಾಡುತ್ತಿಲ್ಲ’ ಎಂದುದಕ್ಕೆ ನಗಬೇಕಾಗಿಲ್ಲ. ದೊಡ್ಡ ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. 1880ರಲ್ಲಿ ಬಾಸ್ಟನ್ ನಗರದ ಜೇಮ್ಸ್ ಪಟ್ನಂ ಎಂಬ ವೈದ್ಯನು ಇಂಥ 37 ರೋಗಿಗಳ ವೃತ್ತಾಂತವನ್ನು ಬರೆದಿಟ್ಟನು. ಅವರಲ್ಲಿ ಹೆಚ್ಚಿನವರು ಹೆಂಗಸರು. ಜೋಮು ರಾತ್ರಿಯೇ ಬರುತ್ತಿತ್ತು. ಕೈ ಕೊಡವಿದರೆ, ಹಾಸಿಗೆಯಿಂದ ಕೆಳಗೆ ಇಳಿಬಿಟ್ಟರೆ ಹೋಗುತ್ತಿತ್ತು. ಮಾಯಕೊಂಡದ ತಾಯಿಗೂ ಬಾಸ್ಟನ್ನಿನ ಹೆಂಗಸಿಗೂ ಇದರಲ್ಲಿ ಎಳ್ಳಷ್ಟೂ ಭೇದವಿಲ್ಲ. ಪಟ್ನಂ ಇದು ರಕ್ತನಾಳಗಳ ದೋಷವಿರಬಹುದೆಂದು ಊಹಿಸಿದನು. 33 ವರ್ಷಗಳಾದ ಮೇಲೆ, 1913ರಲ್ಲಿ, ಪ್ಯಾರಿಸ್ಸಿನ ಪಿಯರ್ ಮರಿ ಮತ್ತು ಷಾರ್ಲ್ ಫ್ವಾ ಎಂಬಿಬ್ಬರು ಸತ್ತ ರೋಗಿಯೊಬ್ಬನ ಕೈಯನ್ನು ಬಿಡಿಸಿ ನೋಡಿದಾಗ, ಮಣಿಕಟ್ಟಿನ ಪಟ್ಟಿಯ ಕೆಳಗೆ ನರ ಅಮುಕಿ ತೆಳುವಾಗಿತ್ತು, ಪಟ್ಟಿಯ ಮೇಲುಗಡೆ ಊದಿಕೊಂಡಿತ್ತು. ಆ ಪಟ್ಟಿಯನ್ನು ವೇಳೆಗೆ ಸರಿಯಾಗಿ ಕೊಯ್ದಿದ್ದರೆ ಕೈ ಉಳಿಯುತ್ತಿತ್ತಲ್ಲವೇ, ಎಂಬ ಸೂಚನೆಯನ್ನೂ ಅವರು ಕೊಟ್ಟರು. 1933ರಲ್ಲಿ ಜೇಮ್ಸ್ ಲರ್ಮಂತ್ ಎಂಬ ಶಸ್ತ್ರವೈದ್ಯನು ಆ ಪಟ್ಟಿಯನ್ನು ಕೊಯ್ದು ನರವನ್ನು ಬಿಡಿಸಿದುದನ್ನು ಪ್ರಕಟಿಸಿದನು. 1950ರಿಂದ ಈಚೆಗೆ ಅಮೆರಿಕದ ಜಾರ್ಜ್ ಫೇಲನ್ನನು ಈ ರೋಗವನ್ನು ಎಲ್ಲ ವೈದ್ಯರೂ ಗುರುತಿಸುವಂತೆ ಮಾಡಿದನು. ಅವನ ಪರೀಕ್ಷೆಯನ್ನು ನೀವೂ ಈಗಲೇ ಮಾಡಿ ನೋಡಬಹುದು. ಎರಡು ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗಿರುವಂತೆ, ಎಂದರೆ ನಮಸ್ಕಾರವನ್ನು ತಲೆಕೆಳಗು ಮಾಡಿದಂತೆ, ಒಂದು ನಿಮಿಷ ಹಿಡಿಯಿರಿ. ರಾತ್ರಿ ಬರುವ ಅದೇ ಜೋಮು ಅದೇ ಬೆರಳುಗಳಿಗೆ ಬಂದರೆ ಸಂದೇಹಕ್ಕೆ ಆಧಾರ ಸಿಕ್ಕಿತು. ಇದರ ಮೇಲೆ ವೈದ್ಯರು ನರದಲ್ಲಿ ವಿದ್ಯುತ್ ಹರಿಯುವ ವೇಗವನ್ನು ಅಳೆದು ನಿಶ್ಚಯ ಮಾಡುತ್ತಾರೆ.

ಈ ತೊಂದರೆ ಯಾರಿಗೆ ಹೆಚ್ಚು? ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ ನಲವತ್ತು ದಾಟಿದವರಿಗೆ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಮೈಗೆ ನೀರು ಬಂದಾಗ ಕಾಣಿಸಿಕೊಂಡು, ಹೆರಿಗೆಯಾದ ಮೇಲೆ ಬಹುಮಂದಿಗೆ ತಾನಾಗಿಯೇ ಹೋಗುತ್ತದೆ. ಥೈರಾಯಿಡ್ ಗ್ರಂಥಿಯ ಕೆಲಸ ಮಂದವಾದವರಿಗೆ, ಸಿಹಿಮೂತ್ರ ರೋಗವುಳ್ಳವರಿಗೆ, ಕೀಲುವಾತದವರಿಗೆ, ಸ್ಥೂಲಕಾಯದವರಿಗೆ, ಹಿಂದೆ ಮಣಿಕಟ್ಟಿನ ಮೂಳೆ ಮುರಿದು ಕೂಡಿದವರಿಗೆ ಬರುವ ಸಂಭವ ಹೆಚ್ಚು. ಕೈಯ ಕೆಲಸವೂ ಒಂದು ಕಾರಣವೇ. ಬಲವಾಗಿ ಹಿಡಿದು, ಮಣಿಕಟ್ಟು ಮಡಚಿ, ಗಂಟೆಗಟ್ಟಲೆ ಒಂದೇ ಚಲನೆಯನ್ನು ಮಾಡುವ ಕೆಲಸಗಳು ಮತ್ತು ಕೈ ನಡುಗಿಸುವ ಯಂತ್ರದ ಕೆಲಸಗಳು ಇದಕ್ಕೆ ಇಂಬು ಕೊಡುತ್ತವೆ. ಕೈಯಲ್ಲಿ ಹಾಲು ಕರೆಯುವುದು, ಮೆಕ್ಕೆಜೋಳದ ತೆನೆಯಿಂದ ಕಾಳು ಬಿಡಿಸುವುದು, ಅಡಿಕೆ ಸುಲಿಯುವುದು, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳನ್ನು ಎಡೆಬಿಡದೆ ಕೆದಕುವುದು, ಇವೆಲ್ಲ ಅಂಥ ದುಡಿಮೆಗಳು. ಈ ಕೆಲಸಗಳನ್ನು ಬಿಡಿರೆಂದು ಹೇಳುವುದು ಅನ್ನ ಬಿಡಿರೆಂದಂತೆ. ಆದರೆ ನಡುನಡುವೆ ಕೈ ಬಿಚ್ಚಿ ವಿಶ್ರಾಂತಿ ಕೊಡುವುದು, ಎರಡು ಕೈಗೂ ಕೆಲಸ ಹಂಚುವುದು, ಮನೆಯ ಗಂಡಸರು ಹಾಲು ಕರೆಯಲು ಬಟ್ಟೆ ಹಿಂಡಲು ಕೈಗೂಡಿಸುವುದು, ಇದಕ್ಕೆ ಯಾವ ಖರ್ಚೂ ಇಲ್ಲ.

ಇನ್ನು ಬೇರೆ ಬೆರಳುಗಳ ಮಾತು. ಜೋಮು ಕಿರುಬೆರಳಿಗೂ ಉಂಗುರದ ಬೆರಳಿನ ಹೊರಭಾಗಕ್ಕೂ ಮಾತ್ರ ಬಂದರೆ ಕಾಲುವೆ ಬೇರೆ. ಅದು ಅಲ್ನಾರ್ ನರ. ಮೊಣಕೈಯ ಒಳಮಗ್ಗುಲು ಯಾವುದಕ್ಕಾದರೂ ತಾಗಿದರೆ ಕಿರುಬೆರಳಿನವರೆಗೆ ಝುಮ್ಮೆಂದು ಮಿಂಚು ಹರಿಯುವುದನ್ನು ನೀವೆಲ್ಲ ಅನುಭವಿಸಿದ್ದೀರಿ. ಆ ನರವೇ ಇದು. ಮೊಣಕೈಯನ್ನು ಪೂರ್ತಿ ಮಡಚಿ ಮಲಗುವವರಿಗೆ, ಹಗಲೆಲ್ಲ ಮೊಣಕೈಯನ್ನು ಮೇಜಿನ ಮೇಲೂರಿ ಕುಳಿತುಕೊಳ್ಳುವವರಿಗೆ, ಈಗಿನ ಕಾಲದಲ್ಲಿ ಮೊಬೈಲು ಫೋನನ್ನು ಕಿವಿಗೊತ್ತಿ ಗಂಟೆಗಟ್ಟಲೆ ಮಾತಾಡುವವರಿಗೆ ಇದು ಬರುತ್ತದೆ. ಮೊಣಕೈಗೆ ಟವಲನ್ನು ಸಡಿಲವಾಗಿ ಸುತ್ತಿಕೊಂಡು, ಮಡಚದಂತೆ ಮಲಗಿದರೆ ಅನೇಕರಿಗೆ ಅಷ್ಟರಲ್ಲೇ ಗುಣವುಂಟು.

ಕುತ್ತಿಗೆಯಿಂದಲೇ ಜೋಮು ಭುಜಕ್ಕೂ ತೋಳಿಗೂ ಹರಿದು, ತಲೆ ಹಿಂದಕ್ಕೆ ಬಾಗಿಸಿದಾಗ ಅಥವಾ ಪಕ್ಕಕ್ಕೆ ತಿರುಗಿಸಿದಾಗ ಹೆಚ್ಚಾದರೆ, ಅಡ್ಡಿ ಕುತ್ತಿಗೆಯ ಮಣಿಗಳ ನಡುವೆ ಇದೆಯೆಂದು ತಿಳಿಯಬೇಕು. ವಯಸ್ಸಾದಂತೆ ಅಲ್ಲಿನ ಮೆತ್ತೆಗಳು ಸವೆಯುತ್ತವೆ. ಇದರಲ್ಲಿ ಬಹುಪಾಲು ವಿಶ್ರಾಂತಿಯಿಂದಲೂ ವ್ಯಾಯಾಮದಿಂದಲೂ ಸರಿಹೋಗುವಂಥದು. ಆದರೆ ಎರಡು ಕೈಗಳೂ ಒಡ್ಡಾಗಿ ಗುಂಡಿ ಹಾಕಲು ಬಾರದಿದ್ದರೆ, ನಡೆಯುವಾಗ ಕಾಲು ಬಿಗಿದು ತೂರಾಡುವಂತಾದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನುಹುರಿಯೇ ಒತ್ತಿಗೆ ಸಿಕ್ಕಿದೆ ಎಂದರ್ಥ. ಆಗ ಕುತ್ತಿಗೆ ನೀವಿಸಿಕೊಳ್ಳುತ್ತ, ಲಟಕ್ಕೆಂದು ತಿರುಗಿಸಿಕೊಳ್ಳುತ್ತ ಕಾಲ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಎರಡು ಕೈ, ಎರಡು ಪಾದ, ನಾಲ್ಕಕ್ಕೂ ಸಮವಾಗಿ ಜೋಮು ಹಿಡಿದರೆ, ಅದರಲ್ಲೂ ಪಾದಗಳಲ್ಲಿ ಮೊದಲು ಹುಟ್ಟಿ ಆಮೇಲೆ ಕೈಗೆ ಬಂದಿದ್ದರೆ, ಒಂದು ಕಾಲುವೆಯ ಮಾತಲ್ಲ. ಬಾವಿಯ ನೀರಿನದೇ ದೋಷ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಹೀಗಾಗುತ್ತದೆ. ಬಿ-12 ಎಂಬ ಜೀವಸತ್ವದ ಕೊರತೆಯಿಂದಲೂ ಆಗುತ್ತದೆ. ಈ ಜೀವಸತ್ವ ಮಾಂಸ, ಮೀನು, ಮೊಟ್ಟೆ, ಹಾಲು ಮೊಸರುಗಳಲ್ಲಿ ಉಂಟು, ಸೊಪ್ಪು ಕಾಳುಗಳಲ್ಲಿಲ್ಲ. ಹಾಲು ಮೊಸರನ್ನೂ ಕಾಣದ ಶಾಕಾಹಾರಿಗಳೂ, ಸಿಹಿಮೂತ್ರಕ್ಕಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುವರ್ಷ ನುಂಗಿದವರೂ ಇದನ್ನು ನೆನಪಿನಲ್ಲಿಡಬೇಕು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದಿನಿಂದಲೋ ಮಾತ್ರೆಯಿಂದಲೋ ತುಂಬಿಕೊಡಬಹುದು. ಆದರೆ ಅಂಗಡಿಯಲ್ಲಿ ‘ನರಕ್ಕೆ ಶಕ್ತಿ’ ಎಂದು ಮಾರುವ ಮಾತ್ರೆಗಳನ್ನು ಯಾರನ್ನೂ ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ. ಅವುಗಳಲ್ಲಿರುವ ಬಿ-6 ಎಂಬ ಜೀವಸತ್ವ ಅತಿಯಾದರೆ ತಾನೇ ನರಗಳನ್ನು ಕೆಡಿಸಿ ಜೋಮನ್ನು ತರುತ್ತದೆ. ಮದ್ದೇ ರೋಗವಾಗುವುದೆಂದರೆ ಇದೇ. ಅತಿಯಾದ ಕುಡಿತವೂ ನರಗಳಿಗೆ ಇದೇ ಗತಿಯನ್ನು ತರುತ್ತದೆ.

ಇನ್ನೊಂದು ಕಾರಣವನ್ನು ಹೇಳಲು ನಾಲಿಗೆ ಹಿಂಜರಿಯುತ್ತದೆ, ಹೇಳದಿದ್ದರೆ ಅಪರಾಧವಾಗುತ್ತದೆ. ಅದು ಕುಷ್ಠ. ಭಾರತದಲ್ಲಿ ಈಗಲೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಈ ರೋಗಾಣುವಿಗೆ ನರಗಳೆಂದರೆ ಪ್ರೀತಿ. ಮೊಣಕೈಯ ನರ ಹುರಿಯಂತೆ ದಪ್ಪವಾಗುತ್ತದೆ. ಇಲ್ಲಿನ ಜೋಮು ರಾತ್ರಿ ಬಂದು ಬೆಳಗ್ಗೆ ಹೋಗುವಂಥದಲ್ಲ, ಹಗಲಿರುಳೂ ಇರುವಂಥದು. ಮೈಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆ, ಅದರಲ್ಲಿ ಮುಟ್ಟಿದ ಅರಿವಿಲ್ಲ, ಕಾದ ಹಂಚು ತಾಗಿ ಬೊಬ್ಬೆ ಎದ್ದರೂ ನೋವಿಲ್ಲ, ಕಿರುಬೆರಳು ಮಡಚಿಕೊಳ್ಳತೊಡಗಿದೆ. ಇಂಥದನ್ನು ಕಂಡರೆ ಮುಚ್ಚಿಡಬೇಡಿ. ಇದು ಪಾಪದ ಫಲವೂ ಅಲ್ಲ, ವಂಶದ ಶಾಪವೂ ಅಲ್ಲ. 1982ರಿಂದ ಈಚೆಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿದೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ರೋಗ ಪೂರ್ತಿ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಲ್ಲಿಯೇ ಕುಷ್ಠದಿಂದ ಮಡಚಿಹೋದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸಿ, ಮತ್ತೆ ಕೆಲಸಕ್ಕೆ ಬರುವಂತೆ ಮಾಡತೊಡಗಿದ್ದರು. ಆದರೆ ಮಡಚುವ ಮೊದಲೇ ಬಂದವನಿಗೆ ಆ ಶಸ್ತ್ರವೂ ಬೇಕಾಗದು.

ನೆರೆಮನೆಯವರು ಹೆದರಿಸಿದ ಲಕ್ವದ ಮಾತನ್ನೂ ತೀರಿಸಿಬಿಡೋಣ. ಲಕ್ವದ ಜೋಮು ಕೊಡವಿದರೆ ಹೋಗುವುದಿಲ್ಲ. ಅದು ಥಟ್ಟನೆ ಬರುತ್ತದೆ. ಒಂದು ಮಗ್ಗುಲಿನ ಕೈ, ಕಾಲು, ಮುಖ ಒಟ್ಟಿಗೆ ಸೋಲುತ್ತವೆ. ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಹಾಗೆಯೇ ಎದೆ ಬಿಗಿದು, ಬೆವರಿ, ಎಡತೋಳು ಜಗ್ಗಿದಂತಾದರೆ ಅದು ಹೃದಯದ ಕರೆ. ಈ ಎರಡರಲ್ಲಿ ಯಾವುದೇ ಆದರೂ ಬೆಳಗಾಗಲೆಂದು ಕಾಯಬಾರದು. ಆ ಗಳಿಗೆಯಲ್ಲೇ 108ಕ್ಕೆ ಫೋನು ಮಾಡಬೇಕು. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಕೊಡಲು ಇರುವ ಕಾಲ ನಾಲ್ಕೂವರೆ ಗಂಟೆ ಮಾತ್ರ.

ಈಗ ನಮ್ಮ ತಾಯಿಯ ಬಳಿಗೆ ಮರಳೋಣ. ಅವರಿಗೆ ಚಿಕಿತ್ಸೆ ಏನು? ಮೊದಲನೆಯದು ಬಹಳ ಸುಲಭ. ಔಷಧದ ಅಂಗಡಿಯಲ್ಲಿ ಮಣಿಕಟ್ಟಿನ ಪಟ್ಟಿ ಸಿಗುತ್ತದೆ. ಅದನ್ನು ಬಿಗಿಯಾಗದಂತೆ, ಮಣಿಕಟ್ಟು ನೆಟ್ಟಗೆ ನಿಲ್ಲುವಂತೆ ಕಟ್ಟಿಕೊಂಡು ಆರು ವಾರ ಪ್ರತಿ ರಾತ್ರಿ ಮಲಗಬೇಕು. ಇನ್ನೂ ಎಳೆಯದಾದ ರೋಗ ಇಷ್ಟಕ್ಕೇ ಬಹುಮಟ್ಟಿಗೆ ಶಮನವಾಗುತ್ತದೆ. ಜೊತೆಗೆ ಸಕ್ಕರೆಯನ್ನೂ ಥೈರಾಯಿಡನ್ನೂ ಪರೀಕ್ಷಿಸಿಕೊಳ್ಳಬೇಕು. ಮೂಲದಲ್ಲಿ ದೋಷವಿದ್ದರೆ ಪಟ್ಟಿ ಕಟ್ಟಿ ಪ್ರಯೋಜನವೇನು? ಇದಕ್ಕೆ ಜಗ್ಗದಿದ್ದರೆ ಸುರಂಗದೊಳಗೆ ಸ್ಟೀರಾಯಿಡ್ ಚುಚ್ಚುಮದ್ದನ್ನು ಕೊಡುತ್ತಾರೆ. ಸಿಹಿಮೂತ್ರವುಳ್ಳವರಿಗೆ ಕೆಲವು ದಿನ ಸಕ್ಕರೆ ಏರುತ್ತದಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಅದಕ್ಕೂ ಬಗ್ಗದಿದ್ದರೆ, 1913ರಲ್ಲಿ ಪ್ಯಾರಿಸ್ಸಿನವರು ಸೂಚಿಸಿದ ಆ ಪಟ್ಟಿಯ ಕೊಯ್ತ. ಕೈಯಷ್ಟಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಸುವ ಸಣ್ಣ ಶಸ್ತ್ರಕ್ರಿಯೆ. ಬಹುಮಂದಿಗೆ ಅಂದಿನಿಂದಲೋ, ಕೆಲವು ದಿನಗಳಲ್ಲೋ ರಾತ್ರಿಯ ನಿದ್ರೆ ಮರಳಿ ಬರುತ್ತದೆ.

ಆದರೆ ಇದರಲ್ಲಿ ಒಂದು ಗಡುವು ಉಂಟು. ಇಡೀ ಭಾಷಣದಲ್ಲಿ ನೀವು ಮರೆಯಬಾರದ ಮಾತು ಇದೇ. ಒತ್ತಿಗೆ ಸಿಕ್ಕಿದ ನರ ಬಹುಕಾಲ ಕೂಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾದುದನ್ನು ಕಂಡು ಜನ ವಾಸಿಯಾಯಿತೆಂದು ತಿಳಿಯುತ್ತಾರೆ. ನಿಮ್ಮ ಎರಡು ಅಂಗೈಗಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಬುಡದಲ್ಲಿರುವ ದಿಬ್ಬವನ್ನು ನೋಡಿ. ಒಂದು ಕೈಯಲ್ಲಿ ಅದು ತುಂಬಿಕೊಂಡು, ಇನ್ನೊಂದರಲ್ಲಿ ತಗ್ಗು ಬಿದ್ದಿದ್ದರೆ, ನರದ ಜೊತೆಗೆ ಅದು ಆಳುವ ಮಾಂಸಖಂಡವೂ ಕರಗುತ್ತಿದೆ. ಸೂಜಿ ಜಾರುತ್ತದೆ, ಗುಂಡಿ ಸಿಗುವುದಿಲ್ಲ, ಲೋಟ ಕೈತಪ್ಪುತ್ತದೆ. ಆ ಹಂತದಲ್ಲಿ ಶಸ್ತ್ರಕ್ರಿಯೆ ಮಾಡಿದರೆ ಜೋಮು ಹೋದೀತು. ಕರಗಿದ ದಿಬ್ಬ ಮತ್ತೆ ತುಂಬುವುದೆಂಬ ಭರವಸೆಯನ್ನು ಯಾವ ವೈದ್ಯನೂ ಕೊಡಲಾರ. ಕೂಗುವ ನರಕ್ಕೆ ಮದ್ದುಂಟು. ಸತ್ತ ನರಕ್ಕೆ ಇಲ್ಲ.

ಆದ್ದರಿಂದ ಈ ರಾತ್ರಿ ಎಚ್ಚರವಾದರೆ, ಕೈ ಕೊಡವುವುದಕ್ಕೆ ಮೊದಲು ಒಂದು ಗಳಿಗೆ ತಡೆದು, ಯಾವ ಯಾವ ಬೆರಳೆಂಬುದನ್ನು ಎಣಿಸಿಕೊಳ್ಳಿ. ಬೆಳಗ್ಗೆ ಆ ಲೆಕ್ಕವನ್ನು ನಿಮ್ಮ ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೆ ಒಪ್ಪಿಸಿ. ಅವರು ಬೇಕೆಂದರೆ ದಾವಣಗೆರೆಗೆ ಬರೆದು ಕಳಿಸಲಿ. ಮನೆಯಲ್ಲಿ ತಾಯಿಯೋ ಹೆಂಡತಿಯೋ ಅತ್ತಿಗೆಯೋ ರಾತ್ರಿ ಎದ್ದು ಕತ್ತಲಲ್ಲಿ ಕೈ ಕೊಡವುತ್ತ ಕುಳಿತಿದ್ದನ್ನು ಕಂಡವರು ಮಗ್ಗುಲಾಗಿ ಮಲಗಬೇಡಿ, “ಯಾವ ಬೆರಳು?” ಎಂದು ಕೇಳಿ. ಅವರು ತಾವಾಗಿ ಹೇಳಲಾರರು. ಹೇಳುವಷ್ಟು ಪುರುಸೊತ್ತು ಆ ಕೈಗಳಿಗೆ ನಾವು ಕೊಟ್ಟಿಲ್ಲ. ನಿಮ್ಮ ತಟ್ಟೆಗೆ ಬಿಸಿ ರೊಟ್ಟಿ ಬರುವುದು ಆ ಹೆಬ್ಬೆರಳಿನ ದಯದಿಂದ. ಅದು ಗಟ್ಟಿಯಾಗಿರುವಾಗಲೇ ಅದರ ಕ್ಷೇಮವನ್ನು ವಿಚಾರಿಸಿರಿ.